ಸೊಣ್ಣೇಗುಟ್ಟೆಯನ್ನು ತೆಗೆದುಕೊಂಡ ವೇಣುಗೋಪಾಲ್

ದೊಡ್ಡಬಳ್ಳಾಪುರದ ಹಳೇ ಬಸ್‌ನಿಲ್ದಾಣದ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ವೇಣುಗೋಪಾಲ್ ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ಹಳೆಯ ರೈಲುಗಳ ಫೋಟೋಗ್ರಾಫರ್ ಆದರು. ಕ್ಯಾಮೆರಾ ಕೊಂಡರು. ಮೂರು ಕಾಲಿನ ಸ್ಟ್ಯಾಂಡ್ ಕೊಂಡರು. ಹದಿಮೂರು ಜೇಬಿನ ಒಂದು ಅಂಗಿಯನ್ನೂ ಹೊಲಿಸಿದರು. ಆ ಜೇಬುಗಳಲ್ಲಿ ಹನ್ನೊಂದು ಖಾಲಿ ಇರುತ್ತಿದ್ದವು, ಒಂದರಲ್ಲಿ ಕಡಲೆಕಾಯಿ ಇರುತ್ತಿತ್ತು, ಇನ್ನೊಂದರಲ್ಲಿ ಏನೋ ಇಟ್ಟಿದ್ದೇನೆಂದು ಅವರು ಆಗಾಗ ಹುಡುಕುತ್ತಿದ್ದರು.

ಎರಡು ವರ್ಷದಲ್ಲಿ ಅವರು ಊಟಿಗೆ ಹೋದರು, ಸಕಲೇಶಪುರಕ್ಕೆ ಹೋದರು, ಗೋವಾದ ದಾರಿಯ ಜಲಪಾತಕ್ಕೂ ಹೋಗಿಬಂದರು. ತೆಗೆದ ಫೋಟೋ ಸಾವಿರದ ಮೇಲಿದ್ದವು. ಒಂದರಲ್ಲೂ ರೈಲು ಇರಲಿಲ್ಲ. ಊಟಿಯ ಫೋಟೋದಲ್ಲಿ ಹೊಗೆ ಮಾತ್ರ ಬಂದಿತ್ತು. ಸಕಲೇಶಪುರದ್ದರಲ್ಲಿ ಬಹಳ ಸುಂದರವಾದ ಒಂದು ಖಾಲಿ ಸೇತುವೆ. ಜಲಪಾತದಲ್ಲಿ ರೈಲು ಬಂದ ಗಳಿಗೆಯಲ್ಲಿ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಾಗೆಂದು ಅವರ ಕೈ ಕೆಟ್ಟದ್ದೆನ್ನಲಾಗದು. ನಲ್ಲೂರಿನ ಹುಣಸೇ ತೋಪನ್ನು ನೋಡಿದವರು ಕಣ್ಣರಳಿಸುವ ಹಾಗೆ ತೆಗೆದಿದ್ದರು, ಶಿವಗಂಗೆ ಬೆಟ್ಟವೂ ಸೊಗಸಾಗಿ ಬಂದಿತ್ತು. ಓಡುವ ವಸ್ತುವಿನ ವಿಷಯದಲ್ಲಿ ಮಾತ್ರ ಅವರಿಗೂ ಕಾಲಕ್ಕೂ ಹೊಂದಾಣಿಕೆ ಆಗುತ್ತಿರಲಿಲ್ಲ.

ಇದನ್ನು ಅವರಿಗೆ ಪದೇ ಪದೇ ನೆನಪಿಸುತ್ತಿದ್ದವನು ಹೆಂಡತಿ ಪ್ರಮೋದಾಳ ತಮ್ಮ ಮುನಿರಾಜ್. ಅವನಿಗೆ ಮದುವೆ ಫೋಟೋ ತೆಗೆಯುವ ಸ್ಟುಡಿಯೋ ಇತ್ತು. ಒಂದು ನಾಮಕರಣದ ಊಟದಲ್ಲಿ, ಎರಡೂ ಕಡೆಯ ನೆಂಟರು ಸಾಲಾಗಿ ಎಲೆ ಮುಂದೆ ಕೂತಿದ್ದಾಗ, ಅವನು ಹೋಳಿಗೆ ಮುರಿಯುತ್ತಾ ಕೇಳಿದ:

"ಭಾವ, ರೈಲು ಹಳೇದಾ ಹೊಸದಾ ಅಂತ ಆಮೇಲೆ ನೋಡೋಣ. ರೈಲು ಇರೋ ಫೋಟೋ ಒಂದಾದ್ರೂ ತೋರಿಸಿ."

ನೆಂಟರು ನಕ್ಕರು. ತುಪ್ಪ ಬಡಿಸುತ್ತಿದ್ದವನೂ ನಕ್ಕ. ವೇಣುಗೋಪಾಲರಿಗೆ ರೋಷ ಬಂತು.

"ಬರೋ ಭಾನುವಾರ ನಂದಿ ಲೈನಲ್ಲಿ ಹಳೇ ಉಗಿ ಎಂಜಿನ್ನು ಎರಡು ಬೋಗಿ ಎಳ್ಕೊಂಡು ಬರುತ್ತೆ. ಒಂದೇ ಒಂದು ಸಲ. ಅದನ್ನ ನಾನು ತಗೋತೀನಿ. ತಗೊಳ್ದೇ ಹೋದ್ರೆ ಈ ಕ್ಯಾಮೆರಾನ ನಿನ್ನ ಸ್ಟುಡಿಯೋಗೆ ಕೊಟ್ಟುಬಿಡ್ತೀನಿ!"

"ಸ್ಟ್ಯಾಂಡು?" ಎಂದ ಮುನಿರಾಜ್.

"ಸ್ಟ್ಯಾಂಡೂ ಕೊಡ್ತೀನಿ!"

ಪ್ರಮೋದಾ ಎಲೆ ಮಡಿಸಿದಳು. ಮಾತು ಆಡಿದ್ದಾಗಿತ್ತು, ಕೇಳಿದವರು ಅರವತ್ತು ಜನ.

ಗುರುವಾರ ಬೆಳಿಗ್ಗೆ ವೇಣುಗೋಪಾಲ್ ಅಂಗಡಿಗೆ ಬೀಗ ಹಾಕಿ, ಸ್ಕೂಟರ್ ಹತ್ತಿ, ದೇವನಹಳ್ಳಿ ದಾಟಿ ಸೊಣ್ಣೇಗುಟ್ಟೆ ಎಂಬ ಹಳ್ಳಿಗೆ ಹೋದರು. ಅಲ್ಲಿ ಹಳೆಯ ಒಂದು ಹಾಲ್ಟ್ ಇತ್ತು. ಹಾಲ್ಟ್ ಎಂದರೆ ಒಂದು ಕಲ್ಲುಬೆಂಚು, ಒಂದು ಬೋರ್ಡು, ಒಂದು ಬೇವಿನ ಮರ. ರೈಲುಗಳು ಅದನ್ನು ಕಂಡೂ ಕಾಣದಂತೆ ಹೋಗುತ್ತಿದ್ದವು, ಯಾವುದೂ ನಿಲ್ಲುತ್ತಿರಲಿಲ್ಲ. ಆದರೆ ನೋಟ ಮಾತ್ರ ಎಲ್ಲೂ ಸಿಗದಂಥದ್ದು. ಎಡಕ್ಕೆ ಗುಟ್ಟೆ ಎನ್ನುವ ಕಲ್ಲುಗುಡ್ಡ, ಬಲಕ್ಕೆ ಕೆರೆ, ಹಿಂದೆ ನಂದಿ ಬೆಟ್ಟ, ಹಳಿಯ ಪಕ್ಕದಲ್ಲೇ ಹಣ್ಣು ತೂಗುವ ಚಕ್ಕೋತದ ಮರ.

ರೈಲಿಗೆ ಸಿಕ್ಕೀರಿ ಎಂದು ಹೆದರಿ ಪ್ರಮೋದಾ ಅವರಿಗೆ ಒಂದು ಹೊಳೆಯುವ ಕಿತ್ತಳೆ ಬಣ್ಣದ ಜಾಕೆಟ್ ತಂದುಕೊಟ್ಟಿದ್ದಳು, ರಸ್ತೆ ಕೆಲಸದವರು ಹಾಕುವಂಥದ್ದು. ಅದನ್ನು ತೊಟ್ಟು ವೇಣುಗೋಪಾಲ್ ಹಳಿಯಿಂದ ಎಷ್ಟು ದೂರ ನಿಲ್ಲಬೇಕೆಂದು ಟೇಪು ಹಿಡಿದು ಅಳೆದರು. ಸ್ಟ್ಯಾಂಡ್ ನಿಲ್ಲಿಸಿದರು. ಭಾನುವಾರ ಅದೇ ಜಾಗ ಸಿಗಲಿ ಎಂದು ಅದರ ಮೂರು ಕಾಲಿನ ಬುಡಕ್ಕೂ ಸುಣ್ಣದ ಪುಡಿ ಹಾಕಿ ಗುರುತು ಮಾಡಿದರು.

ವಿಮಾನ ನಿಲ್ದಾಣಕ್ಕೆ ಜಮೀನು ಹೋದಾಗಿನಿಂದ ಆ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ಮೂರು ಕಾಲಿನ ವಸ್ತು ನಿಲ್ಲಿಸಿದವನನ್ನು ಯಾರೂ ಸುಮ್ಮನೆ ನೋಡುವುದಿಲ್ಲ. ಜೊತೆಗೆ ಟೇಪೂ ಸುಣ್ಣವೂ ಕಿತ್ತಳೆ ಜಾಕೆಟ್ಟೂ ಇದ್ದರೆ ಕೇಳಬೇಕೇ? ಚಕ್ಕೋತದ ಮರದ ಯಜಮಾನ ದೊಡ್ಡಬೀರಪ್ಪ ಹುಲ್ಲಿನ ಹೊರೆ ಅಲ್ಲೇ ಇಳಿಸಿ ಹತ್ತಿರ ಬಂದ.

"ಸಾರ್, ಯಾವ ಡಿಪಾರ್ಟ್‌ಮೆಂಟು?"

ವೇಣುಗೋಪಾಲರಿಗೆ ಯಾರಾದರೂ ಹೀಗೆ ಕೇಳಲಿ ಎಂದೇ ಎರಡು ವರ್ಷದಿಂದ ಆಸೆಯಿತ್ತು. ತಮ್ಮ ಕಾರ್ಡು ಕೊಟ್ಟರು. ಅದರಲ್ಲಿ 'ಹೆರಿಟೇಜ್ ರೈಲ್ವೆ, ದೊಡ್ಡಬಳ್ಳಾಪುರ ವಿಭಾಗ' ಎಂದು ದಪ್ಪಕ್ಷರದಲ್ಲಿತ್ತು, ಕೆಳಗೆ ಬೀದಿಯ ವಿಳಾಸವಿತ್ತು. 'ಫೋಟೋಗ್ರಾಫರ್' ಎಂಬ ಪದಕ್ಕೆ ಜಾಗ ಸಾಲದೆ ಪ್ರೆಸ್ಸಿನವನು ಅದನ್ನು ಇರುವೆ ಗಾತ್ರ ಮಾಡಿ ಅಂಚಿಗೆ ತಳ್ಳಿದ್ದ.

"ಏನ್ ಸಾರ್ ಮಾಡ್ತಿದೀರಾ ಇಲ್ಲಿ?"

"ಭಾನುವಾರ ಹತ್ತೂವರೆಗೆ ಇದನ್ನ ತಗೋತೀನಿ," ಎಂದರು ವೇಣುಗೋಪಾಲ್.

"ಯಾವುದನ್ನ ಸಾರ್?"

"ಪೂರ್ತಿ. ಗುಟ್ಟೆಯಿಂದ ಕೆರೆವರೆಗೂ. ಇಂಥ ಜಾಗ ಯಾರಾದ್ರೂ ಬಿಡ್ತಾರೇನ್ರಿ?"

ದೊಡ್ಡಬೀರಪ್ಪ ಮರದಾಚೆಗೆ ಕೈ ತೋರಿಸಿದ. "ಆ ಮನೆ ನಮ್ಮದು ಸಾರ್…"

ವೇಣುಗೋಪಾಲ್ ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದರು. "ಅರ್ಧ ಕಟ್ ಆಗುತ್ತೆ. ಅಡುಗೆಮನೆ ಹೋಗುತ್ತೆ. ಮುಂದಿನ ಜಗಲಿ ಉಳಿಯುತ್ತೆ."

"ಚಕ್ಕೋತದ ಮರ?"

"ಅಯ್ಯೋ, ಅದು ಬೇಕೇ ಬೇಕು. ಅದಕ್ಕೋಸ್ಕರಾನೇ ಬಂದಿದೀನಿ."

"ಎಮ್ಮೆ ಕೊಟ್ಟಿಗೆ?"

"ಅದು ಅಡ್ಡ ಬರುತ್ತೆ. ಪರವಾಗಿಲ್ಲ, ಆಮೇಲೆ ಕಂಪ್ಯೂಟರಲ್ಲಿ ಅಳಿಸಿಬಿಡ್ತೀನಿ. ಅಲ್ಲೊಂದು ಕೊಟ್ಟಿಗೆ ಇತ್ತು ಅಂತ ಯಾರಿಗೂ ಗೊತ್ತಾಗಲ್ಲ."

"ನೋಟಿಸು ಗೀಟಿಸು ಏನೂ ಕೊಡಲ್ವಾ ಸಾರ್?"

"ಇದಕ್ಕೆಲ್ಲ ನೋಟಿಸ್ ಯಾಕೆ? ಒಂದು ಸೆಕೆಂಡಿನ ಕೆಲಸ. ಕ್ಲಿಕ್ ಅಂದ್ರೆ ಮುಗೀತು," ಎಂದು ಹೇಳಿ ವೇಣುಗೋಪಾಲ್ ಸ್ಕೂಟರ್ ಹತ್ತಿ ಹೋದರು. ಹಳ್ಳಿಯ ಜನಕ್ಕೆ ಕಲೆಯಲ್ಲಿ ಎಷ್ಟು ಆಸಕ್ತಿ ಎಂದು ದಾರಿಯುದ್ದಕ್ಕೂ ಸಂತೋಷಪಟ್ಟರು.

ಅವರು ದೇವನಹಳ್ಳಿ ಮುಟ್ಟುವ ಹೊತ್ತಿಗೆ ಸೊಣ್ಣೇಗುಟ್ಟೆಯ ಅರಳಿಕಟ್ಟೆ ತುಂಬಿಹೋಗಿತ್ತು. ದೊಡ್ಡಬೀರಪ್ಪ ಕಾರ್ಡನ್ನು ಎತ್ತಿ ಹಿಡಿದು ನಡೆದದ್ದನ್ನೆಲ್ಲ ಹೇಳಿದ. ಕಂಪ್ಯೂಟರಿನಲ್ಲಿ ಅಳಿಸುವ ಮಾತು ಕೇಳಿದ್ದೇ ಜನ ದಂಗಾದರು. ಪಹಣಿಯಿಂದಲೇ ಹೆಸರು ತೆಗೆಯುತ್ತಾರೆ, ಎಂದರೆ ಕೋರ್ಟಿಗೆ ಹೋಗುವುದಕ್ಕೂ ಕಾಗದವಿರುವುದಿಲ್ಲ.

ರೆವಿನ್ಯೂ ಇನ್‌ಸ್ಪೆಕ್ಟರ್ ಮುನಿರಾಮಯ್ಯ ಬೇರೆ ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಬಂದವರು ಜನರ ಕೈಗೆ ಸಿಕ್ಕಿಬಿದ್ದರು. ಈ ವಿಷಯ ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ತಮಗೆ ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರಿಗೆ ಒಮ್ಮೆಯೂ ಆಗಿರಲಿಲ್ಲ.

"ಅದಾ? ಅದು ಮೇಲಿನ ಮಟ್ಟದಲ್ಲಿ ನಡೀತಾ ಇದೆ," ಎಂದು ಗಂಭೀರವಾಗಿ ಹೇಳಿ ಅವರು ಬೈಕು ಒದ್ದರು.

ಅಲ್ಲಿಗೆ ಅನುಮಾನವಿದ್ದವರಿಗೂ ಖಾತ್ರಿಯಾಯಿತು. ಊರು ಎರಡು ಭಾಗವಾಯಿತು. ಬಿಡಬಾರದು ಎನ್ನುವವರು ದೊಡ್ಡಬೀರಪ್ಪನ ಕಡೆ. ಬಂಡೆಯ ಮೇಲೆ ಹುರುಳಿ ಕೂಡ ಬೆಳೆಯದ ಜಮೀನಿನ ಒಡೆಯ ಗಂಗಣ್ಣ ಇನ್ನೊಂದು ಕಡೆ. ಅವನ ದುಃಖವೇ ಬೇರೆ.

"ನನ್ನ ಜಮೀನಿಗೆ ಏನಾಗಿತ್ತು? ಅದರ ಕಡೆ ತಿರುಗೂ ನೋಡ್ಲಿಲ್ವಂತೆ ಆ ಸಾಹೇಬ! ವಿಮಾನದವರೂ ಬಿಟ್ರು, ಕಾರ್ಖಾನೆಯವರೂ ಬಿಟ್ರು, ಈಗ ರೈಲ್ವೆಯವರೂ ಬಿಟ್ರೆ ನಾನು ಹೇಗಪ್ಪಾ ತಲೆ ಎತ್ಕೊಂಡು ಓಡಾಡೋದು?"

ದೊಡ್ಡಬೀರಪ್ಪನ ತಾಯಿ ಬೈರಮ್ಮ ಎಲೆ ಅಡಿಕೆ ಕುಟ್ಟುತ್ತಾ ಎಲ್ಲ ಕೇಳಿಸಿಕೊಂಡಳು. ಆ ಮನೆಯಲ್ಲಿ ಅವಳ ಮಾತೇ ಕೊನೆ.

"ನನ್ನ ಅಡುಗೆಮನೆ ಮೇಲೆ ಯಾವನ್ಲಾ ರೈಲು ಬಿಡೋನು? ಮೊದಲು ಹೋಗಿ ಮರ್ಯಾದೆಯಾಗಿ ಕೇಳ್ಕೊಂಡು ಬನ್ನಿ. ಕೇಳ್ದೇ ಹೋದ್ರೆ ನಾನಿದೀನಿ."

ಶನಿವಾರ ಬೆಳಿಗ್ಗೆ ವೇಣುಗೋಪಾಲ್ ಒಬ್ಬ ಮೇಷ್ಟರ ಕನ್ನಡಕಕ್ಕೆ ಕಾಲು ಜೋಡಿಸುತ್ತಿದ್ದಾಗ ಅಂಗಡಿಯ ಮುಂದೆ ಟೆಂಪೋ ಬಂದು ನಿಂತಿತು. ದೊಡ್ಡಬೀರಪ್ಪ, ಗಂಗಣ್ಣ, ಇನ್ನೂ ಒಂಬತ್ತು ಜನ ಇಳಿದರು. ಒಂದು ಮೂಟೆ ಚಕ್ಕೋತ ಇಳಿಯಿತು. ಮನೆಯಿಂದ ತಿಂಡಿ ಡಬ್ಬಿ ತಂದಿದ್ದ ಪ್ರಮೋದಾ ಬಾಗಿಲಲ್ಲೇ ನಿಂತಳು.

ಕನ್ನಡಕದ ಅಂಗಡಿ ನೋಡಿ ಬಂದವರು ಸ್ವಲ್ಪ ಗಲಿಬಿಲಿಗೊಂಡರು. ಆದರೆ ಗಂಗಣ್ಣ ಪಿಸುಗುಟ್ಟಿದ: "ಗುಟ್ಟಾಗಿ ಇಟ್ಟವ್ರೆ ಆಫೀಸ್ನ. ದೊಡ್ಡ ಪ್ರಾಜೆಕ್ಟು ಕಣೋ."

"ಸಾರ್," ಎಂದು ದೊಡ್ಡಬೀರಪ್ಪ ಕೈಮುಗಿದ. "ಮನಸ್ಸು ಮಾಡಿ ನಮ್ಮ ಮನೆ ಕಟ್ ಆಗದ ಹಾಗೆ ನೋಡ್ಕೊಳ್ಳಿ ಸಾರ್. ಹೆಂಗಸರು ಊಟ ಬಿಟ್ಟವ್ರೆ."

ವೇಣುಗೋಪಾಲರ ಕಣ್ಣು ತೇವವಾಯಿತು. ಫೋಟೋದಲ್ಲಿ ತಮ್ಮ ಮನೆ ಪೂರ್ತಿ ಬರಲಿಲ್ಲವೆಂದು ಊಟ ಬಿಡುವಷ್ಟು ಪ್ರೀತಿಯೇ!

"ಅದಕ್ಕೆ ಇಷ್ಟು ದೂರ ಬಂದ್ರಾ? ನಾನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ್ರೆ ನಿಮ್ಮನೆ ಪೂರ್ತಿ ಉಳಿಯುತ್ತೆ ಬಿಡಿ."

"ನಾಲ್ಕೇ ಹೆಜ್ಜೆಗೆ ಉಳಿಯುತ್ತಾ ಸಾರ್?"

"ನಿಮಗೋಸ್ಕರ ಐದು ಹೆಜ್ಜೆ ಹೋಗ್ತೀನಿ. ಆದ್ರೆ ಮರ, ಕೆರೆ, ಗುಟ್ಟೆ ಮಾತ್ರ ಬಿಡಲ್ಲ. ಅದು ನನ್ನ ಮರ್ಯಾದೆ ಪ್ರಶ್ನೆ."

ಗಂಗಣ್ಣ ಮುಂದೆ ನುಗ್ಗಿದ. "ಸಾರ್, ನಮ್ಮದೂ ಸ್ವಲ್ಪ ತಗೊಳ್ಳಿ ಸಾರ್! ಗುಟ್ಟೆ ಹಿಂದುಗಡೆ ಬಂಡೆ ಐತಲ್ಲ, ಅದು ಪೂರ್ತಿ ನಂದು."

"ಬರೀ ಬಂಡೆ ತಗೊಂಡು ಏನು ಮಾಡಲಿ ಯಜಮಾನ್ರೆ? ಅಲ್ಲಿ ನೋಡೋಕೆ ಏನೂ ಇಲ್ಲವಲ್ಲ."

"ಅದನ್ನೇ ಎಲ್ರೂ ಹೇಳ್ತಾರೆ ಸಾರ್," ಎಂದ ಗಂಗಣ್ಣ. ಅವನು ಅಳುವುದೊಂದು ಬಾಕಿಯಿತ್ತು. ವೇಣುಗೋಪಾಲರಿಗೆ ಪಾಪ ಅನ್ನಿಸಿತು. ನಾಳೆ ಬನ್ನಿ, ನೋಡೋಣ ಎಂದರು. ಗಂಗಣ್ಣ ಅವರ ಕಾಲು ಮುಟ್ಟಲು ಬಗ್ಗಿ, ಕೌಂಟರಿಗೆ ಹಣೆ ಬಡಿಸಿಕೊಂಡ.

ಟೆಂಪೋ ಹೋದ ಮೇಲೆ ಪ್ರಮೋದಾ ಮೂಟೆಯನ್ನೂ ಗಂಡನನ್ನೂ ಹೊಸದಾಗಿ ನೋಡಿದಳು. "ರೀ, ನೀವು ಇಷ್ಟು ದೊಡ್ಡ ಫೋಟೋಗ್ರಾಫರ್ ಅಂತ ನನಗೆ ಹೇಳಲೇ ಇಲ್ಲವಲ್ಲ."

"ಹೇಳ್ಕೊಂಡು ತಿರುಗೋ ಸ್ವಭಾವ ನಂದಲ್ಲ," ಎಂದರು ವೇಣುಗೋಪಾಲ್. ಬಳಿಕ ಸಂಜೆಯೊಳಗೆ ಹದಿನಾಲ್ಕು ಜನಕ್ಕೆ ಹೇಳಿದರು.

ಭಾನುವಾರ ಹತ್ತು ಗಂಟೆಗೆ ವೇಣುಗೋಪಾಲ್, ಪ್ರಮೋದಾ, ಮುನಿರಾಜ್ ಮೂವರೂ ಸೊಣ್ಣೇಗುಟ್ಟೆಗೆ ಬಂದಾಗ ಹಾಲ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನ್ನೂರು ಜನ. ಎಡಗಡೆ ದೊಡ್ಡಬೀರಪ್ಪನ ಕಡೆಯವರು ಹಸಿರು ಟವೆಲ್ ಬೀಸುತ್ತಾ ನಿಂತಿದ್ದರು. ಬಲಗಡೆ ಗಂಗಣ್ಣನ ಕಡೆಯವರು ಸೇವಂತಿಗೆ ಹಾರ, ತಮಟೆ, ಬಾಳೆಕಂದು ಹಿಡಿದಿದ್ದರು. ಮುನಿರಾಮಯ್ಯನವರು ಎರಡೂ ಕಡೆಗೂ ಸೇರದೆ ಬೇವಿನ ಮರದ ಹಿಂದೆ ನಿಂತು ಫೋನಿನಲ್ಲಿ ಮಾತಾಡುವವರಂತೆ ನಟಿಸುತ್ತಿದ್ದರು.

"ಇದೇನು ಭಾವ?" ಎಂದ ಮುನಿರಾಜ್.

"ನನ್ನನ್ನ ನೋಡೋಕೆ ಬಂದಿದಾರೆ," ಎಂದರು ವೇಣುಗೋಪಾಲ್, ವಿನಯದಿಂದ.

ಮುನಿರಾಜ್ ತನ್ನ ಕ್ಯಾಮೆರಾ ಚೀಲ ಬಿಚ್ಚಿದ. ತಾನೂ ಒಂದು ಕೈ ನೋಡೇಬಿಡುತ್ತೇನೆಂದು ಮೊಳದುದ್ದದ ಲೆನ್ಸ್ ಹೆಗಲಿಗೇರಿಸಿ, ರೈಲು ವೇಗವಾಗಿ ಹಾಯುವ ಜಾಗಕ್ಕೆ, ಗುಟ್ಟೆಯಾಚೆಯ ತಿರುವಿಗೆ ಹೋಗಿ ಕೂತ.

ಹತ್ತೂವರೆಗೆ ಎರಡು ನಿಮಿಷವಿದ್ದಾಗ ಬೈರಮ್ಮ ಬಂದಳು. ಮಗ್ಗದ ಹಸಿರು ಸೀರೆ ಉಟ್ಟು, ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು, ಯಾರನ್ನೂ ನೋಡದೆ ಜನರ ನಡುವಿನಿಂದ ನಡೆದು, ಎರಡು ಹಳಿಗಳ ಮಧ್ಯೆ ಕುರ್ಚಿ ಇಟ್ಟು ಕೂತಳು.

"ಅಮ್ಮೋ!" ಎಂದ ದೊಡ್ಡಬೀರಪ್ಪ.

"ನೀನು ಸುಮ್ನಿರ್ಲಾ. ನಿನ್ನ ಟವೆಲ್ಲಿಗೆ ರೈಲು ನಿಲ್ತದಾ?"

ದೂರದಲ್ಲಿ ಕೂಗು ಕೇಳಿಸಿತು. ಕೆರೆಯ ಏರಿಯ ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ವೇಣುಗೋಪಾಲ್ ಕ್ಯಾಮೆರಾ ಬಿಟ್ಟು ಹಳಿಯ ಕಡೆ ಓಡಿದರು.

"ಅಮ್ಮಾ, ಏಳಿ! ರೈಲು ಬರ್ತಿದೆ!"

"ಬರಲಿ. ಅದಕ್ಕೇ ಕೂತಿರೋದು."

ಅವರು ಒಂದು ರಟ್ಟೆ ಹಿಡಿದು ಎಳೆದರು, ದೊಡ್ಡಬೀರಪ್ಪ ಇನ್ನೊಂದು ಎಳೆದ. ಬೈರಮ್ಮ ಕದಲಲಿಲ್ಲ. ಊರಿಗೂರೇ ಹಳಿಯ ಮೇಲೆ ಹತ್ತಿ ಕೈಬೀಸಿ ಕೂಗಿತು. ಸ್ವಾಗತಕ್ಕೋ ಎಚ್ಚರಿಕೆಗೋ ತಿಳಿಯದೆ ತಮಟೆಯವರೂ ಬಾರಿಸತೊಡಗಿದರು. ಅನುಭವಸ್ಥ ಡ್ರೈವರು ಅರ್ಧ ಮೈಲಿಯಿಂದಲೇ ಕಂಡು ಬ್ರೇಕು ಹಾಕಿದ. ಎಂಜಿನ್ನು ನರಳಿತು, ಬುಸುಗುಟ್ಟಿತು, ಕಿಡಿ ಹಾರಿಸಿತು. ಕೊನೆಗೆ ಬೈರಮ್ಮನ ಕುರ್ಚಿಯಿಂದ ನಲವತ್ತು ಮಾರು ದೂರದಲ್ಲಿ, ಚಕ್ಕೋತದ ಮರದ ನೇರಕ್ಕೆ ಬಂದು ನಿಂತುಬಿಟ್ಟಿತು.

ಬಿಳಿಯ ಹಬೆ ಊರನ್ನೆಲ್ಲ ಮುಚ್ಚಿತು. ಅದು ತಿಳಿಯಾದಾಗ ಎಲ್ಲರಿಗಿಂತ ಮೊದಲು ವೇಣುಗೋಪಾಲರಿಗೆ ಕಂಡದ್ದು ರೈಲು. ಕಪ್ಪಗೆ ಹೊಳೆಯುವ, ಹಿತ್ತಾಳೆ ಪಟ್ಟಿಯ ಎಂಜಿನ್ನು, ಹಿಂದೆ ನಂದಿ ಬೆಟ್ಟ, ಮುಂದೆ ಕುರ್ಚಿಯಲ್ಲಿ ಸಿಂಹಾಸನದಲ್ಲಿ ಕೂತಂತೆ ಬೈರಮ್ಮ. ಅವರು ಕ್ಯಾಮೆರಾದ ಕಡೆ ಓಡಿದರು. ಮಾತು ಕೊಟ್ಟಿದ್ದಂತೆ ಐದು ಹೆಜ್ಜೆ ಹಿಂದಕ್ಕೆ ಹೋದರು. ಒತ್ತಿದರು. ಇನ್ನೊಮ್ಮೆ ಒತ್ತಿದರು.

ಬೋಗಿಯಿಂದ ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ಕೆಂಪಾಗಿ ಇಳಿದರು. "ಏನಿದು? ಯಾರು ರೈಲು ನಿಲ್ಲಿಸಿದ್ದು?" ಎಂದು ಅವರು ಬಾಯಿ ತೆರೆಯುವುದಕ್ಕೂ ಗಂಗಣ್ಣ ಅವರ ಕೊರಳಿಗೆ ಮೊದಲನೆಯ ಹಾರ ಹಾಕುವುದಕ್ಕೂ ಸರಿಹೋಯಿತು. ಎರಡನೆಯ ಹಾರ ಬಿತ್ತು. ಐದನೆಯ ಹಾರಕ್ಕೆ ಅಧಿಕಾರಿಯ ಬಾಯಿ ಮುಚ್ಚಿಹೋಯಿತು. ತಮಟೆ ಜೋರಾಯಿತು.

ಹೂವಿನ ಮಧ್ಯದಿಂದ ಅವರು ಸುತ್ತ ನೋಡಿದರು. ಬೆಳಿಗ್ಗೆ ಹೊರಟಾಗಿನಿಂದ ಹಳೇ ಎಂಜಿನ್ ನೋಡಲು ಒಟ್ಟು ಹನ್ನೊಂದು ಜನ ಬಂದಿದ್ದರು. ಅವರಲ್ಲಿ ನಾಲ್ವರು ತಮ್ಮ ಸಿಬ್ಬಂದಿಯೇ. ಇಲ್ಲಿ ಮುನ್ನೂರು ಜನ, ಬಾಳೆಕಂದು, ಹಸಿರು ಟವೆಲ್ಲು, ಸ್ವಾಗತಕ್ಕೆ ಊರಿನ ಹಿರಿಯಮ್ಮ.

"ಇದೆಲ್ಲ… ನಮಗಾ?" ಎಂದರು ಅವರು, ಹಾರಗಳನ್ನು ಬಾಯಿಂದ ಸರಿಸಿ.

ಮುನಿರಾಮಯ್ಯನವರು ಆ ಕ್ಷಣಕ್ಕೇ ಮರದ ಹಿಂದಿನಿಂದ ಹೊರಬಂದರು. "ಎಲ್ಲಾ ಮೇಲಿನ ಮಟ್ಟದಲ್ಲಿ ವ್ಯವಸ್ಥೆ ಮಾಡಿದ್ದು ಸಾರ್," ಎಂದರು.

ಅಧಿಕಾರಿ ಬೈರಮ್ಮನ ಬಳಿ ಹೋಗಿ ಬಗ್ಗಿ ಕೈಮುಗಿದರು. "ಏನು ಬೇಕಮ್ಮ ನಿಮ್ಮೂರಿಗೆ? ಕೇಳಿ."

ಬೈರಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಏನೂ ಕೊಡಬೇಡ್ರಪ್ಪ. ಇರೋದನ್ನ ತಗೋಬೇಡಿ. ನನ್ನ ಮನೆ, ನನ್ನ ಮರ."

"ಯಾರಮ್ಮ ತಗೊಳ್ಳೋರು?"

"ಅಗೋ, ಅವ್ನೆ!" ಎಂದು ಬೈರಮ್ಮ ಬೆರಳು ಚಾಚಿದಳು. ಮುನ್ನೂರು ತಲೆಗಳು ತಿರುಗಿದವು. ಆ ಬೆರಳಿನ ತುದಿಯಲ್ಲಿ ವೇಣುಗೋಪಾಲ್ ಕ್ಯಾಮೆರಾದ ಪರದೆ ನೋಡಿಕೊಂಡು ಒಬ್ಬರೇ ನಗುತ್ತಾ ನಿಂತಿದ್ದರು.

"ತಗೊಂಡೆ!" ಎಂದು ಅವರು ಎಲ್ಲರಿಗೂ ಕೇಳುವಂತೆ ಕೂಗಿದರು. "ಪೂರ್ತಿ ತಗೊಂಡೆ! ಗುಟ್ಟೆಯಿಂದ ಕೆರೆವರೆಗೂ!"

ದೊಡ್ಡಬೀರಪ್ಪ ಟವೆಲ್ ಸೊಂಟಕ್ಕೆ ಬಿಗಿದು ಅವರ ಮೇಲೆ ನುಗ್ಗಿದ. "ಎಲ್ಲಿ ತಗೊಂಡ್ರಿ? ಯಾವ ಕಾಗದದ ಮೇಲೆ ತಗೊಂಡ್ರಿ?"

"ಇದರೊಳಗೆ," ಎಂದು ವೇಣುಗೋಪಾಲ್ ಪರದೆ ತೋರಿಸಿದರು. "ನೋಡಿ, ಮಾತಿಗೆ ತಪ್ಪಿಲ್ಲ. ನಿಮ್ಮ ಅಡುಗೆಮನೆನೂ ಬಂದಿದೆ. ಎಮ್ಮೆನೂ ಬಂದಿದೆ."

ದೊಡ್ಡಬೀರಪ್ಪ ನೋಡಿದ. ಬಹಳ ಹೊತ್ತು ನೋಡಿದ. ತನ್ನ ಮನೆ, ಮರ, ಎಮ್ಮೆ, ರೈಲು, ಕುರ್ಚಿಯಲ್ಲಿ ತಾಯಿ.

"ಸಾರ್… ತಗೋತೀನಿ ಅಂದದ್ದು… ಫೋಟೋನಾ?"

"ಮತ್ತೆ ಇನ್ನೇನು? ಜಮೀನಾ?" ಎಂದು ವೇಣುಗೋಪಾಲ್ ನಕ್ಕರು. ಬೇರೆ ಯಾರೂ ನಗಲಿಲ್ಲ. ಅವರ ನಗು ಅರ್ಧಕ್ಕೆ ನಿಂತಿತು. ಸುಣ್ಣ, ಟೇಪು, ಚಕ್ಕೋತದ ಮೂಟೆ, ಎಲ್ಲವೂ ಒಂದೊಂದಾಗಿ ಅವರ ತಲೆಯೊಳಗೆ ಬಂದು ಸಾಲಾಗಿ ಕೂತವು. ಮೆಲ್ಲಗೆ ಪ್ರಮೋದಾಳ ಹಿಂದೆ ಸರಿದರು.

ಮೊದಲು ನಕ್ಕವಳು ಬೈರಮ್ಮ. ಎಲೆ ಅಡಿಕೆ ತುಂಬಿದ ಬಾಯಲ್ಲಿ ಕುರ್ಚಿ ಅಲುಗುವಂತೆ ನಕ್ಕಳು. ಊರೆಲ್ಲ ನಕ್ಕಿತು. ಏನೆಂದು ತಿಳಿಯದಿದ್ದರೂ ಕೊರಳಲ್ಲಿ ಏಳು ಹಾರವಿದ್ದ ಅಧಿಕಾರಿಯೂ ನಕ್ಕರು. ಅವರಿಗೆ ವಿವರಿಸಲು ಯಾರೂ ಹೋಗಲಿಲ್ಲ.

"ಹಂಗಾದ್ರೆ ಸ್ವಾಮಿ," ಎಂದಳು ಬೈರಮ್ಮ ಕಣ್ಣೊರೆಸಿಕೊಂಡು, "ಕೇಳು ಅಂದ್ರಲ್ಲ, ಕೇಳ್ತೀನಿ. ದಿನಾ ಬೆಳಿಗ್ಗೆ ಒಂದು ರೈಲು ನಮ್ಮೂರ ಮುಂದೆ ಓಡಿ ಹೋಗ್ತದೆ. ಅದನ್ನ ಇಲ್ಲಿ ನಿಲ್ಸಿ. ದಿನಾ ಕುರ್ಚಿ ಹೊರೋಕೆ ನನ್ನ ಕೈಲಾಗಲ್ಲ."

ಅಧಿಕಾರಿ ಬರೆದುಕೊಂಡರು.

ಎಂಜಿನ್ನು ಮತ್ತೆ ಹೊರಟಾಗ ಹುಡುಗರು, ಹೆಂಗಸರು, ತಮಟೆಯವರು ಎಲ್ಲರೂ ಅದರ ಪಕ್ಕದಲ್ಲೇ ತಿರುವಿನವರೆಗೂ ಓಡಿದರು. ಅಲ್ಲಿ ಒಂದು ಗಂಟೆಯಿಂದ ಕಾದಿದ್ದ ಮುನಿರಾಜನ ಲೆನ್ಸಿಗೆ ಸಿಕ್ಕಿದ್ದು ನೂರಾರು ಬೆನ್ನುಗಳು. ಅವನು ಇಳಿದು ಬಂದು, ಭಾವನ ಪರದೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ಹೇಳಿದ: "ಚೆನ್ನಾಗಿದೆ ಭಾವ." ಅದಕ್ಕಿಂತ ಹೆಚ್ಚು ಅವನ ಬಾಯಿಂದ ಬರಲಿಲ್ಲ. ಅಷ್ಟೇ ಸಾಕು ಎಂದು ಪ್ರಮೋದಾ ಅವನಿಗೊಂದು ಚಕ್ಕೋತ ಸುಲಿದುಕೊಟ್ಟಳು.

ಫೋಟೋ ಎರಡು ಪತ್ರಿಕೆಗಳಲ್ಲಿ ಬಂತು. 'ಉಗಿಬಂಡಿಗೆ ಹಳ್ಳಿಯ ಅಪೂರ್ವ ಸ್ವಾಗತ' ಎಂದು ಕೆಳಗೆ ಬರೆದಿದ್ದರು. ಅಧಿಕಾರಿಗಳು ಅದನ್ನು ಕತ್ತರಿಸಿ ಕಡತದೊಳಗಿಟ್ಟರು. ಕಡತ ಎಲ್ಲೆಲ್ಲಿ ಓಡಾಡಿತೋ ದೇವರಿಗೇ ಗೊತ್ತು, ಮೂರು ತಿಂಗಳಿಗೆ ಆದೇಶ ಬಂತು: ಬೆಳಗಿನ ಪ್ಯಾಸೆಂಜರ್ ರೈಲು ಸೊಣ್ಣೇಗುಟ್ಟೆ ಹಾಲ್ಟಿನಲ್ಲಿ ಒಂದು ನಿಮಿಷ ನಿಲ್ಲತಕ್ಕದ್ದು. ಟಿಕೆಟ್ ಮಾರುವ ಏಜೆಂಟಾಗಿ ಗಂಗಣ್ಣನಿಗೆ ಕೆಲಸ ಸಿಕ್ಕಿತು. ಅವನೀಗ ತನ್ನ ಬಂಡೆಯ ವಿಷಯ ಎತ್ತುವುದಿಲ್ಲ.

ಮೊದಲ ದಿನ ಊರಿನವರು ವೇಣುಗೋಪಾಲರನ್ನೂ ಪ್ರಮೋದಾಳನ್ನೂ ಕರೆಸಿ, ಪೇಟ ಕಟ್ಟಿ, ಕಲ್ಲುಬೆಂಚಿನ ಮೇಲೆ ಕೂರಿಸಿದರು. ರೈಲು ಬಂತು, ನಿಂತಿತು. ಬೈರಮ್ಮ ವೇಣುಗೋಪಾಲರ ಕೈಹಿಡಿದು ಮೊದಲು ಹತ್ತಿದಳು. ಒಂದು ನಿಮಿಷದಲ್ಲಿ ಎಂಬತ್ತಾರು ಜನ ಹತ್ತಿದರು. ಗಂಗಣ್ಣ ಕಿಟಕಿಗಳೊಳಕ್ಕೆ ಟಿಕೆಟ್ ಕೊಡುತ್ತಾ ಓಡಿದ.

ರೈಲು ಎರಡು ಮೈಲಿ ಹೋದ ಮೇಲೆ ಬೈರಮ್ಮ ಕೇಳಿದಳು: "ಇದು ಎಲ್ಲಿಗಪ್ಪಾ ಹೋಗ್ತದೆ?"

"ಯಲಹಂಕಕ್ಕೆ."

"ಅಲ್ಲಿ ನಮಗೇನೈತೆ ಕೆಲ್ಸ?"

ಯಾರೂ ಅದನ್ನು ಯೋಚಿಸಿರಲಿಲ್ಲ. ಎಂಬತ್ತಾರು ಜನವೂ ದೇವನಹಳ್ಳಿಯಲ್ಲಿ ಇಳಿದರು. ಹೋಟೆಲಿನಲ್ಲಿ ದೋಸೆ ಹಿಟ್ಟು ಮುಗಿಯುವವರೆಗೂ ದೋಸೆ ತಿಂದರು. ವಾಪಸು ರೈಲು ಸಂಜೆಗೆ. ಹಾಗಾಗಿ ಬಸ್ಸು ಹತ್ತಿದರು. ಪೇಟ ಕಟ್ಟಿದ ವೇಣುಗೋಪಾಲರಿಗೂ ಬೈರಮ್ಮನಿಗೂ ಮುಂದಿನ ಸೀಟು ಬಿಟ್ಟುಕೊಟ್ಟರು.

ಉಸಿರಾಡಲೂ ಜಾಗವಿಲ್ಲದ ಬಸ್ಸಿನಲ್ಲಿ ಕಂಡಕ್ಟರ್ ಬೆವರೊರೆಸಿಕೊಂಡು ಕೇಳಿದ: "ಎಲ್ಲಿಂದಮ್ಮ ಇಷ್ಟೊಂದು ಜನ? ಮದುವೆಯಿಂದ ಬರ್ತಿದೀರಾ?"

ಬೈರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ರೈಲಿಂದ ಬರ್ತಿದೀವಿ ಕಣಪ್ಪ," ಎಂದಳು. "ನಮ್ಮೂರ ರೈಲಿಂದ."